ಸಿಹಿ ಬಿಡಿಸಲು ಸೈಕಲ್ ಹತ್ತಿದ ಸಿಸ್ಟರ್

ಕೆಲವರು ಬಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನು ಸುಮ್ಮನೆ ಎಡವಿದರೂ ಸಾಕು, ಅಲ್ಲಿ ಪರಿಚಯದವರು ನಾಲ್ಕು ಜನ ನಿಂತಿರುತ್ತಾರೆ, ಅವರಲ್ಲೊಬ್ಬರು ಫೋನು ಎತ್ತಿ ಹಿಡಿದಿರುತ್ತಾರೆ. ಕುವೈತಿಗೆ ನರ್ಸಾಗಿ ಬಂದ ದಿನದಿಂದ ನನ್ನ ಕಥೆ ಇದೇ. ಹಾಗಿರುವಾಗ ಐವತ್ತರ ಹತ್ತಿರ ಬಂದ ಮೇಲೆ, ಮೀನು ಸಾರನ್ನೂ ಇಲ್ಲಿನ ಮಜ್ಬೂಸ್ ಅನ್ನವನ್ನೂ ಸಮನಾಗಿ ಪ್ರೀತಿಸಿ ಬೆಳೆಸಿದ ಈ ಮೈಯನ್ನು ತಂದು ತೆಳ್ಳನೆ ಚಕ್ರದ ಸೈಕಲಿನ ಮೇಲೆ ಇಟ್ಟರೆ ಏನಾಗಬೇಕೋ ಅದೇ ಆಯಿತು.

೧. ಗೋಡೆಯ ಮೇಲಿನ ಹೆಂಗಸು

ನಾನಿರುವುದು ಸಕ್ಕರೆ ಕಾಯಿಲೆಯವರ ಕ್ಲಿನಿಕ್‌ನಲ್ಲಿ. ಬಂದವರ ತೂಕ ನೋಡಿ, ಬೆರಳು ಚುಚ್ಚಿ, "ಸಿಹಿ ಬಿಡಿ, ವ್ಯಾಯಾಮ ಮಾಡಿ" ಎಂದು ಹೇಳುವುದು ನನ್ನ ಕೆಲಸ. ಹೀಗೆ ಹೇಳಿದಾಗ ರೋಗಿಗಳು ನನ್ನನ್ನೊಮ್ಮೆ ನೋಡುತ್ತಾರೆ. ಉದ್ದಕ್ಕೆ ನೋಡುವುದಿಲ್ಲ, ಅಗಲಕ್ಕೆ ನೋಡುತ್ತಾರೆ.

ರುಮೈಥಿಯಾದಿಂದ ಬರುವ ಕುವೈತಿ ಅಜ್ಜಿಯೊಬ್ಬರಿದ್ದರು. ಇಲ್ಲಿನ ವಾಡಿಕೆಯಂತೆ ನಾವೆಲ್ಲ ಅವರನ್ನು "ಮಾಮಾ" ಎನ್ನುತ್ತಿದ್ದೆವು, ಎಂದರೆ ಅಮ್ಮ. ಕಾಲಿನ ಹೆಬ್ಬೆರಳಲ್ಲಿ ಒಂದು ಗಾಯ, ಏನು ಮಾಡಿದರೂ ಒಣಗುತ್ತಿರಲಿಲ್ಲ. ಸಿಹಿ ಬಿಡದಿದ್ದರೆ ಬೆರಳು ಉಳಿಯುವುದು ಕಷ್ಟ ಎಂದು ಡಾಕ್ಟರು ಅವರಿಗೆ ನೇರವಾಗಿಯೇ ಹೇಳಿದ್ದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕೈಚೀಲದಿಂದ ಖರ್ಜೂರದ ಹಲ್ವ ತೆಗೆದು ಅರ್ಧ ಡಾಕ್ಟರಿಗೆ ಕೊಟ್ಟು, ಉಳಿದರ್ಧ ತಾವು ತಿಂದು ಹೋಗಿದ್ದರು.

ನನಗೆ ಈ ಅಜ್ಜಿ ಎಂದರೆ ಜೀವ. ಆ ಬೆರಳಿನ ಚಿಂತೆಯಲ್ಲಿ ಒಂದು ದಿನ ಸ್ವಲ್ಪ ಜೋರಾಗಿಯೇ ಮಾತಾಡಿದೆ. "ಮಾಮಾ, ಸಿಹಿ ಖಲಾಸ್! ಇವತ್ತಿನಿಂದಲೇ!"

ಅಜ್ಜಿ ಕೋಪಿಸಿಕೊಳ್ಳಲಿಲ್ಲ. ನನ್ನ ತಲೆಯ ಮೇಲಿದ್ದ ಪೋಸ್ಟರನ್ನು ಕೋಲಿನಿಂದ ತೋರಿಸಿದರು. ಆರೋಗ್ಯವಾಗಿರಿ ಎಂದು ಹೇಳುವ ಪೋಸ್ಟರು ಅದು. ಕಡ್ಡಿಯಂಥ ಹೆಂಗಸೊಬ್ಬಳು ಕಡ್ಡಿಯಂಥ ಸೈಕಲಿನ ಮೇಲೆ ಬಾಗಿಕೊಂಡು ನಗುತ್ತಿದ್ದಳು.

"ಸಿಸ್ಟರ್, ಇವಳು ನೀನಾ?"

"ಅಲ್ಲ ಮಾಮಾ."

"ಹಾಗಾದರೆ ನೀನು ಯಾಕೆ ಮಾತಾಡ್ತೀ? ಅವಳೇ ಬಂದು ಹೇಳಲಿ."

ಹೊರಗೆ ಕುಳಿತಿದ್ದವರೆಲ್ಲ ನಕ್ಕರು. ನನಗೆ ಹಠ ಬಂತು. "ನಾನೂ ಸೈಕಲ್ ಹೊಡೆಯುತ್ತೇನೆ, ನೋಡಿ!" ಎಂದುಬಿಟ್ಟೆ.

ಅಜ್ಜಿ ಅಲ್ಲೇ ಕರಾರು ಮಾಡಿದರು. ನಾನು ಸೈಕಲ್ ಹೊಡೆದುಕೊಂಡು ಅವರ ಮನೆ ಬಾಗಿಲಿಗೆ ಹೋಗಬೇಕು. ಹೋದ ದಿನದಿಂದ ಅವರು ಸಿಹಿ ಮುಟ್ಟುವುದಿಲ್ಲ. ನನ್ನ ಮನೆ ಪಕ್ಕದ ಸಾಲ್ಮಿಯಾದಲ್ಲೇ ಇರುವುದು ಅವರಿಗೆ ಗೊತ್ತಿತ್ತು. "ಪಕ್ಕದ ಬೀದಿಯಿಂದ ಬಂದು ಮೋಸ ಮಾಡಬೇಡ. ಊರಿನ ಆ ತುದಿಯ ಕುವೈತ್ ಟವರ್ಸ್‌ನಿಂದ ಸಮುದ್ರದ ರಸ್ತೆಯಲ್ಲಿ ಬಾ" ಎಂದರು. ಕೈ ಮೇಲೆ ಕೈ ಇಟ್ಟೆ. ಆಮೇಲೆ ಒಂದು ಮಹಡಿ ಕೆಳಗಿದ್ದ ಕ್ಯಾಂಟೀನಿಗೆ ಲಿಫ್ಟಿನಲ್ಲಿ ಹೋದೆ.

೨. ತೆಗೆದದ್ದಕ್ಕೆಲ್ಲ ದುಡ್ಡು

ನಮ್ಮ ಯಜಮಾನರು ಸಬ್ಹಾನ್‌ನ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರು. ಮನೆಯಲ್ಲಿ ಬಲ್ಬು ಬದಲಾಯಿಸುವಾಗಲೂ ಹೆಲ್ಮೆಟ್ ಹಾಕುವ ಮನುಷ್ಯ. ಅವರನ್ನು ಕರೆದುಕೊಂಡು ಸೈಕಲ್ ಅಂಗಡಿಗೆ ಹೋದೆ. ಅವರು ಸೈಕಲಿನ ಸುತ್ತ ಒಂದು ಸುತ್ತು ಬಂದು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರು.

"ಸ್ಟ್ಯಾಂಡ್ ಎಲ್ಲುಂಟು ಭಾಯಿ?"

"ಇದಕ್ಕೆ ಸ್ಟ್ಯಾಂಡ್ ಬರೋದಿಲ್ಲ ಸರ್."

"ಮಡ್‌ಗಾರ್ಡು? ಕ್ಯಾರಿಯರು? ಬೆಲ್ಲು?"

"ಯಾವುದೂ ಇಲ್ಲ ಸರ್. ರೋಡ್ ಬೈಕ್ ಅಂದ್ರೆ ಹಗುರ ಇರಬೇಕು."

ಯಜಮಾನರು ನನ್ನ ಕಡೆ ತಿರುಗಿ, "ನಮ್ಮ ಊರಲ್ಲಿ ಇಷ್ಟೆಲ್ಲ ಕಳಚಿದ ಸೈಕಲನ್ನು ಗುಜರಿಯವನಿಗೆ ಕೊಡ್ತಾರೆ ಮಾರಾಯ್ತಿ" ಎಂದರು.

ಅಂಗಡಿಯವನು ಸೋಲಲಿಲ್ಲ. ಸೈಕಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, "ನೋಡಿ ಮೇಡಂ, ಭಾರವೇ ಇಲ್ಲ" ಎಂದ. ಭಾರವೇ ಇಲ್ಲದ್ದು ನನಗೆ ಭಯ ಹುಟ್ಟಿಸಿತು. "ಇದು ಎಷ್ಟು ಭಾರ ತಡೆಯುತ್ತದೆ ಭಾಯಿ?" ಎಂದು ಕೇಳಿದೆ. ಅವನು ಬಾಯಿ ತೆರೆದ, ನನ್ನನ್ನು ಪೂರ್ತಿಯಾಗಿ ನೋಡಿದ, ಬಾಯಿ ಮುಚ್ಚಿದ. "ಒಂದು ನಿಮಿಷ ಮೇಡಂ" ಎಂದು ಒಳಗೆ ಹೋಗಿ ಮಾಲೀಕನನ್ನು ಕರೆದುಕೊಂಡು ಬಂದ.

೩. ಹಾರಿಸ್‌ನ ಕತ್ತರಿ

ಹೈಸ್ಕೂಲಿನಲ್ಲಿ ಅಣ್ಣನ ಸೈಕಲ್ ಹೊಡೆದವಳು ನಾನು, ಆದ್ದರಿಂದ ಸಮತೋಲನದ ಭಯವಿರಲಿಲ್ಲ. ಭಯವಿದ್ದದ್ದು ಬಟ್ಟೆಯದು. ಸೈಕಲಿನ ಸೀಟು ನನ್ನ ಅಂಗೈಯಷ್ಟು. ಅದರ ಮೇಲೆ ಕೂರಲು ಒಳಗೆ ಮೆತ್ತೆ ಹೊಲಿದ ಬಿಗಿ ಚಡ್ಡಿ ಬೇಕೇ ಬೇಕು ಎಂದು ಅಂಗಡಿಯವರು ಹೇಳಿದರು, ಕೊಂಡುಕೊಂಡೆ. ಹಾಕಿಕೊಂಡು ಕನ್ನಡಿ ನೋಡಿದ ಮೇಲೆ, ಈ ವೇಷದಲ್ಲಿ ಲಿಫ್ಟಿನೊಳಗೆ ಪರಿಚಯದವರು ಸಿಕ್ಕಿದರೆ ಏನು ಗತಿ ಎಂದು ಮೇಲೊಂದು ಮೊಣಕಾಲು ದಾಟುವ ಕುರ್ತಾ ಹಾಕಿಕೊಂಡೆ.

ಮಾನ ಉಳಿಯಿತು, ಕಟ್ಟಡದ ಗೇಟಿನವರೆಗೆ. ಅಲ್ಲಿ ಕುರ್ತಾದ ಹಿಂದಿನ ತುದಿ ಚೈನಿನೊಳಗೆ ಹೋಯಿತು. ಸೈಕಲ್ ನಿಂತಿತು, ನಾನು ಇಳಿಯುವಂತಿಲ್ಲ, ಕೂರುವಂತಿಲ್ಲ. ಗೇಟಿನ ಕಂಬ ಹಿಡಿದುಕೊಂಡು ಹಾರಿಸ್‌ನನ್ನು ಕೂಗಿದೆ. ಹಾರಿಸ್ ಎಂದರೆ ನಮ್ಮ ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನವನು. ಅವನು ಬಂದು, ಚೈನು ನೋಡಿ, ತಲೆ ಕೆರೆದುಕೊಂಡು, ಒಳಗಿನಿಂದ ಕತ್ತರಿ ತಂದ. ಕುರ್ತಾದ ಹಿಂಭಾಗ ಸೊಂಟದವರೆಗೆ ಹೋಯಿತು. ನಾನು ಯಾರಿಂದ ಏನು ಮುಚ್ಚಿಡಬೇಕೆಂದಿದ್ದೆನೋ ಅದನ್ನು ಬೆಳಗಿನ ಹಾಲು, ಬ್ರೆಡ್ಡಿಗೆ ಇಳಿದಿದ್ದ ನಾಲ್ಕು ಮಹಡಿಯವರೂ ನೋಡಿದರು.

ಮಾರನೆಯ ವಾರ ನಾನು ಗೇಟಿಗೆ ಬರುವಾಗ ಹಾರಿಸ್ ಕುರ್ಚಿ ಹಾಕಿಕೊಂಡು ಕುಳಿತಿದ್ದ. ತೊಡೆಯ ಮೇಲೆ ಕತ್ತರಿ ಇತ್ತು.

೪. ಹಿಂಬಾಲಿಸಿದ ಕಾರು

ಸಮುದ್ರದ ರಸ್ತೆಗೆ ಒಬ್ಬಳೇ ಹೋಗುತ್ತೇನೆ ಎಂದಾಗ ಯಜಮಾನರೊಳಗಿನ ಸೇಫ್ಟಿ ಆಫೀಸರು ಎದ್ದು ಕುಳಿತರು. ಫ್ಯಾಕ್ಟರಿಯ ಹಳದಿ ಜಾಕೆಟನ್ನು ನನಗೆ ತೊಡಿಸಿದರು. ಕಾರಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರು ಎಲ್ಲ ಇಟ್ಟರು.

"ಸೈಕಲಿಗೆ ಬೆಂಕಿ ಹಿಡೀತದಾ ಮಾರಾಯ್ರೆ?"

"ಹೇಳ್ಲಿಕ್ಕಾಗುದಿಲ್ಲ" ಎಂದರು.

ನಾನು ಮುಂದೆ, ಅವರು ಹಿಂದೆ. ಎರಡೂ ಬದಿಯ ದೀಪ ಮಿಣಮಿಣ ಮಿನುಗಿಸುತ್ತಾ, ಒಳಗೆ ಏಸಿ ಹಾಕಿಕೊಂಡು, ನನ್ನ ವೇಗದಲ್ಲಿ ಕಾರು ಬಿಡುತ್ತಿದ್ದರು. ಅವರ ಹಿಂದೆ ಹಾರ್ನು ಹೊಡೆಯುವವರ ಮೆರವಣಿಗೆಯೇ ಬೆಳೆಯಿತು. ಕೊನೆಗೆ ಪೊಲೀಸ್ ಗಾಡಿಯೊಂದು ಬಂದು ಅವರನ್ನು ಬದಿಗೆ ನಿಲ್ಲಿಸಿತು. ನಾನೂ ಮುಂದೆ ನಿಂತು ಏದುಸಿರು ಬಿಡುತ್ತಿದ್ದೆ, ಅದಕ್ಕೆ ಮಾತು ಪೂರ್ತಿ ಕೇಳಿಸಿತು.

"ಕಾರು ಕೆಟ್ಟಿದೆಯಾ?" ಪೊಲೀಸಿನವನು ಕೇಳಿದ.

"ಇಲ್ಲ ಸಾರ್. ಮುಂದೆ ಹೋಗ್ತಾ ಇರುವುದು ನನ್ನ ಹೆಂಡತಿ."

ಪೊಲೀಸಿನವನ ಮುಖ ಗಂಭೀರವಾಯಿತು. "ನಿನ್ನನ್ನು ಬಿಟ್ಟು ಓಡಿಹೋಗ್ತಿದ್ದಾಳಾ?"

ಯಜಮಾನರು ನನ್ನನ್ನು ನೋಡಿದರು, ಪೊಲೀಸಿನವನನ್ನು ನೋಡಿದರು. "ಈ ಸ್ಪೀಡಲ್ಲಾ ಸಾರ್?" ಎಂದರು.

ಪೊಲೀಸಿನವನು ನಗು ತಡೆಯಲಾರದೆ ಹಾಗೇ ಬಿಟ್ಟುಬಿಟ್ಟ. ಮನೆಗೆ ಬಂದ ಮೇಲೆ ಎರಡು ದಿನ ನಾನು ಇವರ ಹತ್ತಿರ ಮಾತಾಡಲಿಲ್ಲ. ಸಿಟ್ಟು ಇತ್ತು, ಅದು ಬೇರೆ. ಉಸಿರೂ ಇನ್ನೂ ಸರಿಯಾಗಿ ಬಂದಿರಲಿಲ್ಲ.

೫. ಟಕ್ ಟಕ್

ವಾರಗಳು ಹೋದವು. ಕ್ಲಿನಿಕ್‌ಗೆ ಬಂದಾಗಲೆಲ್ಲ ಅಜ್ಜಿ, "ಸಿಸ್ಟರ್, ಎಲ್ಲಿಯವರೆಗೆ ಬಂದೆ?" ಎಂದು ಕೇಳುತ್ತಿದ್ದರು. ಗಾಯ ಹಾಗೇ ಇತ್ತು. ಬೇಗ ತಯಾರಾಗಬೇಕು ಎಂದು ಶುಕ್ರವಾರ ಬೆಳಿಗ್ಗೆಯ ಸೈಕಲ್ ಗುಂಪೊಂದಕ್ಕೆ ಸೇರಿದೆ.

ಅಲ್ಲಿನವರೆಲ್ಲ ಪೆಡಲಿಗೆ ಕಚ್ಚಿಕೊಳ್ಳುವ ಬೂಟು ಹಾಕುತ್ತಿದ್ದರು. ಅಡಿಯಲ್ಲಿ ಗಟ್ಟಿಯಾದ ಒಂದು ತುಂಡು ಇರುತ್ತದೆ, ನಿಲ್ಲಿಸುವ ಮೊದಲು ಹಿಮ್ಮಡಿ ತಿರುಗಿಸಿ ಬಿಡಿಸಿಕೊಳ್ಳಬೇಕು. ನಾನೂ ತೆಗೆದುಕೊಂಡೆ. ಮೊದಲ ಸಿಗ್ನಲಿನಲ್ಲಿ ಬ್ರೇಕು ನೆನಪಾಯಿತು, ಹಿಮ್ಮಡಿ ನೆನಪಾಗಲಿಲ್ಲ. ಎಷ್ಟು ನಿಧಾನವಾಗಿ ಬಿದ್ದೆ ಎಂದರೆ, ಬೀಳುತ್ತಾ ಪಕ್ಕದವನಿಗೆ "ಸಾರಿ" ಹೇಳಲು ಸಮಯ ಸಿಕ್ಕಿತು.

ಎದ್ದು, ಸವರಿಕೊಂಡು, ಮುಗಿಸುವಾಗ ತಡವಾಯಿತು. ಇಲ್ಲಿ ನಮ್ಮಂಥ ಕ್ರೈಸ್ತರಿಗೆ ವಾರದ ಪೂಜೆ ಭಾನುವಾರವಲ್ಲ, ಶುಕ್ರವಾರ. ಆ ದಿನ ಇಗರ್ಜಿಯಲ್ಲಿ ಬೈಬಲ್ ಪಾಠ ಓದುವ ಸರದಿ ನನ್ನದು. ಮನೆಗೆ ಹೋಗಿ ಬರಲು ಹೊತ್ತಿಲ್ಲ. ಯಜಮಾನರು ಕಾರಿನಲ್ಲಿ ಸೀರೆ ತಂದಿದ್ದರು, ಚಪ್ಪಲಿ ಮರೆತಿದ್ದರು. ಸೈಕಲಿನ ಬಟ್ಟೆಯ ಮೇಲೇ ಸೀರೆ ಸುತ್ತಿಕೊಂಡು ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಸರದಿ ಬಂತು, ಎದ್ದೆ. ಇಗರ್ಜಿ ಪೂರ್ತಿ ಮೌನ, ನೆಲವೋ ನುಣುಪು ಕಲ್ಲು. ಟಕ್, ಟಕ್, ಟಕ್. ಮೆಲ್ಲಗೆ ಇಟ್ಟರೆ ಸದ್ದು ಕಡಿಮೆಯಾದೀತೆಂದು ಮೆಲ್ಲಗೆ ಇಟ್ಟೆ. ಸದ್ದು ಅಷ್ಟೇ ಇತ್ತು, ದಾರಿ ಮಾತ್ರ ಉದ್ದವಾಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕುದುರೆ ಬಂತೇನೋ ಎಂಬಂತೆ ತಿರುಗಿ ನೋಡಿದರು. ಮೆಟ್ಟಿಲ ಹತ್ತಿರ ಜಾರಿದೆ, ಗುರುಗಳೇ ಕೈ ಹಿಡಿದು ನಿಲ್ಲಿಸಿದರು.

ಪೂಜೆ ಮುಗಿದ ಮೇಲೆ ಕ್ಷಮೆ ಕೇಳಲು ಹೋದೆ. ಗುರುಗಳು ನಕ್ಕು ಹೇಳಿದರು, "ಬೇಜಾರು ಮಾಡ್ಬೇಡಿ. ನೀವು ಓದುವಾಗ ಎಲ್ಲರೂ ಎಚ್ಚರ ಇದ್ದದ್ದು ಇದೇ ಮೊದಲು."

೬. ಕರಾರಿನ ದಿನ

ಕೊನೆಗೂ ಒಂದು ಶನಿವಾರ ಬೆಳಿಗ್ಗೆ ಟವರ್ಸ್‌ನ ಬುಡದಲ್ಲಿ ಸೈಕಲ್ ಹತ್ತಿದೆ. ಚಳಿಗಾಲದ ತಿಳಿ ಬಿಸಿಲು, ಎಡಕ್ಕೆ ಸಮುದ್ರ. ಗಾಳಿ ಬೆನ್ನ ಹಿಂದಿನಿಂದ ತಳ್ಳುತ್ತಿತ್ತು, ಅದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹಿಂದೆ ದೀಪ ಮಿನುಗಿಸುತ್ತಾ ಯಜಮಾನರು. ಎರಡು ಕಡೆ ನಿಂತು ನೀರು ಕುಡಿದೆ, ಒಂದು ಕಡೆ ನಿಂತು ಅತ್ತೆ. ತೊಡೆ ಉರಿಯುತ್ತಿತ್ತು, ಆದರೂ ಅಜ್ಜಿಯ ಬೆರಳು ಕಣ್ಣ ಮುಂದೆ ಬಂದು ಮತ್ತೆ ಪೆಡಲ್ ತುಳಿದೆ. ಸಾಲ್ಮಿಯಾ ದಾಟಿ ರುಮೈಥಿಯಾದ ಬೀದಿಗೆ ತಿರುಗಿದಾಗ ನನಗೇ ನಂಬಿಕೆಯಾಗಲಿಲ್ಲ.

ಅಜ್ಜಿ ಗೇಟಿನ ಹೊರಗೆ ಕುರ್ಚಿ ಹಾಕಿಸಿ, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕಾದಿದ್ದರು. ಹಿಂದೆ ಮಕ್ಕಳು, ಮೊಮ್ಮಕ್ಕಳು, ಅಡುಗೆಯವಳು, ಡ್ರೈವರು. ಇಷ್ಟು ಜನರ ಮುಂದೆ ಬೀಳದೆ ಇಳಿದದ್ದು ನನ್ನ ಜೀವಮಾನದ ಸಾಧನೆ. ಅಜ್ಜಿ ನನ್ನ ಹಣೆ ಮುಟ್ಟಿ, ಬೆರಳುಗಳನ್ನು ಉಜ್ಜಿ ನೋಡಿದರು. ಬೆವರು ಅಸಲಿ ಎಂದು ಖಾತ್ರಿಯಾಯಿತು. ಆಮೇಲೆ ಕಾರಿನ ಕಡೆ ಕೋಲು ತೋರಿಸಿದರು.

"ಅವನು ಯಾರು?"

"ನನ್ನ ಗಂಡ, ಮಾಮಾ."

"ಕಾರಲ್ಲಿ ಬಂದನಾ? ಅವನಿಗೆ ಸಕ್ಕರೆ ಇಲ್ಲದ ಚಹಾ ಕೊಡಿ."

ನನಗೆ ಮಾತ್ರ ಊಟದ ಹಾಸಿನ ತುಂಬ ಬಡಿಸಿದ್ದರು. ಮಜ್ಬೂಸ್, ಆಮೇಲೆ ಖರ್ಜೂರದ ಪಾಕದಲ್ಲಿ ಮಿಂದ ಬಿಸಿ ಬಿಸಿ ಲುಗೈಮಾತ್ ಉಂಡೆಗಳು, ಹಲ್ವ, ತುಪ್ಪದ ಬಿಸ್ಕತ್ತು. ಬೇಡ ಎನ್ನಬೇಕೆಂದುಕೊಂಡೆ. ಆದರೆ ಟವರ್ಸ್‌ನಿಂದ ಸೈಕಲ್ ಹೊಡೆದು ಬಂದವಳ ಹೊಟ್ಟೆ ನರ್ಸಿನ ಮಾತು ಕೇಳುವುದಿಲ್ಲ.

ಮಧ್ಯದಲ್ಲಿ ತಲೆಯೆತ್ತಿ ನೋಡಿದೆ. ಅಜ್ಜಿ ಒಂದು ಉಂಡೆಯನ್ನೂ ಮುಟ್ಟಿರಲಿಲ್ಲ. ಯಜಮಾನರ ಜೊತೆ ಕೂತು ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದರು.

"ಮಾಮಾ, ನೀವು?"

"ನೀನು ಬಂದೆಯಲ್ಲ. ನನಗೆ ಖಲಾಸ್" ಎಂದರು.

ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು. ಬಾಯಿ ಆಗಲೇ ತುಂಬಿತ್ತು.

ಹೊರಡುವಾಗ ಅಜ್ಜಿ ಡ್ರೈವರನ್ನು ಕರೆದರು. ಮನೆಯಲ್ಲಿ ಇನ್ನು ಸಿಹಿ ಇರಬಾರದು, ಎಸೆಯುವುದು ಪಾಪ, ಆದ್ದರಿಂದ ಎಲ್ಲ ಸಿಸ್ಟರ್‌ಗೆ ಎಂದರು. ಡಬ್ಬದ ಮೇಲೆ ಡಬ್ಬ ಬಂದು ನಮ್ಮ ಕಾರಿನ ಹಿಂದಿನ ಸೀಟು, ಡಿಕ್ಕಿ ಎರಡೂ ತುಂಬಿದವು. ಸೈಕಲಿಗೆ ಜಾಗ ಉಳಿಯಲಿಲ್ಲ. ಹಲ್ವ ಏಸಿಯಲ್ಲಿ ಕುಳಿತು ಮನೆಗೆ ಹೋಯಿತು, ನಾನು ಹಿಂದಿನಿಂದ ಪೆಡಲ್ ತುಳಿದುಕೊಂಡು ಹೋದೆ.

ಯಜಮಾನರಿಗೆ ಸಿಹಿ ಸೇರುವುದಿಲ್ಲ. ಕಟ್ಟಡದವರಿಗೆ ಹಂಚಬಹುದಿತ್ತು. ಹಂಚುವ ಯೋಚನೆ ನನಗೆ ಬರುವ ಹೊತ್ತಿಗೆ ಡಬ್ಬಗಳು ಖಾಲಿಯಾಗಿದ್ದವು.

ಮುಂದಿನ ತಪಾಸಣೆಯ ದಿನ ಡಾಕ್ಟರು ಅಜ್ಜಿಯ ಪಟ್ಟಿ ಬಿಚ್ಚಿ ತುಂಬ ಹೊತ್ತು ನೋಡಿದರು. ಗಾಯದ ಸುತ್ತ ಒಣಗುತ್ತಾ ಬಂದಿತ್ತು. "ಬೆರಳು ಉಳಿಯುತ್ತದೆ" ಎಂದರು. ನಾನು ಅಜ್ಜಿಯ ಕೈ ಹಿಡಿದುಕೊಂಡು ಅತ್ತೇಬಿಟ್ಟೆ. ಅಜ್ಜಿ ನನ್ನ ಬೆನ್ನು ತಟ್ಟಿ, ಕೋಲಿನಿಂದ ತೂಕದ ಯಂತ್ರ ತೋರಿಸಿದರು.

"ಯಲ್ಲಾ, ನಡಿ ಸಿಸ್ಟರ್. ಈಗ ನೀನು ಹತ್ತು."

ಡಾಕ್ಟರೂ ನೋಡುತ್ತಿದ್ದರು, ಸಾಲಿನಲ್ಲಿ ಕುಳಿತವರೂ ನೋಡುತ್ತಿದ್ದರು. ಹತ್ತದೆ ಬೇರೆ ದಾರಿಯಿರಲಿಲ್ಲ. ಮುಳ್ಳು ನಾನು ಸೈಕಲ್ ಹತ್ತುವ ಮೊದಲು ಇದ್ದ ಜಾಗವನ್ನು ದಾಟಿ, ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತಿತು.

ಅಜ್ಜಿ ಬಗ್ಗಿ ಮುಳ್ಳು ನೋಡಿದರು. ಗೋಡೆಯ ಮೇಲಿನ ಕಡ್ಡಿ ಹೆಂಗಸನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ನಿಜವಾದ ಕಾಳಜಿಯಿಂದಲೇ ಕೇಳಿದರು:

"ಸಿಸ್ಟರ್, ಈಗ ನಾನು ಸೈಕಲ್ ಹೊಡೆದುಕೊಂಡು ನಿನ್ನ ಮನೆಗೆ ಬರಬೇಕಾ?"