ನಮ್ಮ ಮನೆಯವರು ವ್ಯಾಖ್ಯಾನ ಹುಡುಕಿದ್ದು

ಪಾಸ್ಟರ್ ಮನೆಯಲ್ಲಿ ನಗು ಬರುವುದು ಯಾವಾಗಲೂ ನಗಬಾರದ ಹೊತ್ತಿನಲ್ಲೇ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ, ಹಿರಿಯರು ಬುದ್ಧಿ ಹೇಳುವಾಗ, ಸಾವಿನ ಮನೆಯಲ್ಲಿ ಕೂತಾಗ. ಮದುವೆಯಾಗಿ ಬಂದ ಮೇಲೆ ನಾನು ಸಭೆಯ ಹಾಡು ಕಲಿಯುವುದಕ್ಕಿಂತ ಮೊದಲು ಬಾಯಿಗೆ ಸೆರಗು ಒತ್ತಿ ಹಿಡಿಯುವುದನ್ನು ಕಲಿತೆ.

ನಮ್ಮ ಮನೆಯವರದು ರಾಣೇಬೆನ್ನೂರಿನಲ್ಲಿ ಒಂದು ಸಣ್ಣ ಸಭೆ. ಭಾನುವಾರ ಬೆಳಿಗ್ಗೆ ಇಲ್ಲಿ ಆರಾಧನೆ, ಮಧ್ಯಾಹ್ನ ಬ್ಯಾಡಗಿಯಲ್ಲಿ ಒಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ. ಅವರು ಮನುಷ್ಯ ಒಳ್ಳೆಯವರು, ಮಾತಿನಲ್ಲಿ ಮಾತ್ರ ಸ್ವಲ್ಪ ಹಿಂದೆ. ಒಂದು ಭಾನುವಾರ ಸಭೆಯ ಹಿರಿಯರೊಬ್ಬರು, "ಪಾಸ್ಟರ್ರ, ನಿಮ್ಮ ಪ್ರಸಂಗದಾಗ ಹುರುಳೇ ಸಿಗವಲ್ದು" ಎಂದುಬಿಟ್ಟರು. ಆ ಮಾತು ನಮ್ಮವರ ಎದೆಗೆ ನಾಟಿತು. ಮನೆಗೆ ಬಂದು ಊಟಕ್ಕೂ ಕೂರದೆ, "ಬೈಬಲ್ ವಚನದ ಅರ್ಥ ಬಿಡಿಸಿ ಹೇಳೂವಂಥ ಒಂದು ಚಲೋ ವ್ಯಾಖ್ಯಾನ ಗ್ರಂಥ ಬೇಕು. ಇಲ್ಲಂದ್ರ ನಾ ಈ ಸೇವಾಕ್ಕ ಲಾಯಕ್ ಅಲ್ಲ" ಎಂದರು.

ಕೆಲವರು, ಇನ್ನು ಕೆಲವರು

ಮೊದಲು ಸಿಕ್ಕಿದ್ದು ಪರಿಚಯದ ಪ್ರಾಧ್ಯಾಪಕರೊಬ್ಬರು ಕೊಟ್ಟ ದಪ್ಪ ಇಂಗ್ಲಿಷ್ ಪುಸ್ತಕ. ಬರೆದವರು ಬಲು ಪ್ರಾಮಾಣಿಕರು. ಒಂದೊಂದು ವಚನಕ್ಕೂ ಪಂಡಿತರಲ್ಲಿ ಯಾರು ಏನೆಂದಿದ್ದಾರೆ ಎಂಬುದನ್ನೆಲ್ಲ ಬರೆದಿದ್ದರು. ನಮ್ಮವರು ಒಂದನ್ನೂ ಬಿಡಲಿಲ್ಲ. ಪ್ರಸಂಗಪೀಠದ ಹಿಂದೆ ನಿಂತು, "ಕೆಲವರು ಹೀಗೆನ್ನುತ್ತಾರೆ. ಇನ್ನು ಕೆಲವರು ಅದನ್ನು ಒಪ್ಪುವುದಿಲ್ಲ. ಮತ್ತೆ ಕೆಲವರು ಇಬ್ಬರನ್ನೂ ಒಪ್ಪುವುದಿಲ್ಲ" ಎಂದು ಕೊನೆಯವರೆಗೂ ಹೇಳುತ್ತಾ ಹೋದರು. ಜನ ಗಂಭೀರವಾಗಿ ಕೇಳಿದರು.

ಆರಾಧನೆ ಮುಗಿದ ಮೇಲೆ ಸಭೆಯ ವಯಸ್ಸಾದ ತಾಯಿಯೊಬ್ಬರು ಬಾಗಿಲಲ್ಲಿ ಅವರ ಕೈ ಹಿಡಿದುಕೊಂಡರು. ಕಣ್ಣಲ್ಲಿ ನಿಜವಾದ ಕಳವಳ.

"ಪಾಸ್ಟರ್ರ, ಆ ಕೆಲವರು ಯಾರಂತ ನಾ ಕೇಳೂದಿಲ್ಲ. ಆದ್ರ ಸಭಾದಾಗ ಇಷ್ಟು ಜಗಳ ಚಲೋ ಅಲ್ರಿ. ಎಲ್ಲಾರನೂ ಒಂದ ಕಡೆ ಕುಂದ್ರಿಸಿ ರಾಜಿ ಮಾಡಸ್ರಿ."

ಬ್ಯಾಡಗಿಯ ಕಣ್ಣೀರು

ಎರಡನೆಯದು ಕನ್ನಡಕ್ಕೆ ತಂದ ಪುಸ್ತಕ. ಇದರಲ್ಲಿ ಪಂಡಿತರ ಜಗಳವಿಲ್ಲ, ಪುಟಪುಟಕ್ಕೂ ಮನ ಕರಗಿಸುವ ದೃಷ್ಟಾಂತ. ನಮ್ಮವರು ಆರಿಸಿಕೊಂಡದ್ದು ಹಿಮ ಸುರಿಯುವ ಯಾವುದೋ ದೇಶದ ಕತೆ. ದಾರಿ ತಪ್ಪಿದ ಪ್ರಯಾಣಿಕ ಒಂದು ಮನೆಯ ಬಾಗಿಲು ಬಡಿದು ಬಡಿದು ಹಿಮದಲ್ಲೇ ಹೆಪ್ಪುಗಟ್ಟಿ ಸಾಯುತ್ತಾನೆ. ಅದನ್ನು ಅವರು ಹೇಳಿದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಸುಗ್ಗಿಯಲ್ಲಿ, ಸುಡುವ ಮಧ್ಯಾಹ್ನ.

ಪ್ರಯಾಣಿಕ ಎರಡನೆಯ ಸಲ ಬಾಗಿಲು ಬಡಿಯುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಕಣ್ಣೊರೆಸಿಕೊಂಡಳು. ಆಮೇಲೆ ಪಕ್ಕದವಳು. ನೋಡುನೋಡುತ್ತ ಗಂಡಸರೂ ಟವೆಲ್ ತೆಗೆದರು. ಮೂಗು ಸೊರಸೊರ ಎಳೆಯುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನಮ್ಮವರ ದನಿಯೂ ಗದ್ಗದವಾಯಿತು. ಅಷ್ಟು ಜನ ಅವರ ಮಾತಿಗೆ ಎಂದೂ ಅತ್ತಿರಲಿಲ್ಲ.

ಕೂಟ ಮುಗಿದ ಮೇಲೆ ನನ್ನ ಕಿವಿಯಲ್ಲಿ, "ಇದ ನೋಡು ಖರೇ ವ್ಯಾಖ್ಯಾನ" ಎಂದರು. ಅಷ್ಟರಲ್ಲಿ ಆ ಮನೆಯೊಡತಿ ಚಹಾ ತಂದು, ಸಂಕೋಚದಿಂದ ಹೇಳಿದಳು:

"ತಪ್ಪು ತಿಳ್ಕೋಬ್ಯಾಡ್ರಿ ಪಾಸ್ಟರ್ರ. ಹಿತ್ತಲದಾಗ ಮೆಣಸಿನಕಾಯಿ ಚೀಲ ಬಿಚ್ಚ್ಯಾರ, ಗಾಳಿ ಇತ್ತಾಗ ತಿರುಗೇತಿ. ಯಾರಿಗೂ ನಿಮ್ಮ ಪ್ರಸಂಗ ನೆಟ್ಟಗ ಕೇಳಾಕ ಆಗ್ಲಿಲ್ಲ."

ಹಾವೇರಿಯ ಕಪಾಟು

ಆಮೇಲೆ ನಮ್ಮವರು ತೀರಾ ಕುಗ್ಗಿದರು. ನಾನೇ ಒತ್ತಾಯ ಮಾಡಿ ಹಾವೇರಿಗೆ, ಸೇವೆಯಿಂದ ನಿವೃತ್ತರಾದ ಹಿರಿಯ ಪಾಸ್ಟರ್ ಒಬ್ಬರ ಬಳಿ ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು:

"ತಮ್ಮಾ, ಮೊದಲ ಮೂಲ ವಚನ ಓದು. ಮನಸಿನಾಗ ಇಳಿಯೂತನಕ ಓದು. ನಿನ್ನ ಮುಂದ ಕುಂತು ಕೇಳೂ ಮಂದಿ ಮಾರಿ ನೆನಪಿಸ್ಕೋ. ವ್ಯಾಖ್ಯಾನ ಆಮ್ಯಾಲೆ ತೆಗಿ. ತನಗ ತಿಳೀಲಾರದ್ದನ್ನ ತಿಳೀಲಿಲ್ಲ ಅಂತ ಬರದಿರೂ ಪುಸ್ತಕ ಸಿಕ್ರ ಅದನ್ನ ನಂಬು."

ನಮ್ಮವರ ಮುಖ ಸ್ವಲ್ಪ ಅರಳಿತು. ಗೋಡೆಗೆ ಹೊಂದಿ ನಿಂತ ತುಂಬು ಕಪಾಟನ್ನು ನೋಡುತ್ತಾ, "ಇದರಾಗ ಭಾಳ ಚಲೋದು ಯಾವುದ್ರಿ?" ಎಂದು ಆಸೆಯಿಂದ ಕೇಳಿದರು.

ಹಿರಿಯರು ನಿಟ್ಟುಸಿರು ಬಿಟ್ಟರು. "ಚಲೋವೆಲ್ಲಾ ನಿನ್ನಂಥ ಪಾಸ್ಟರ್ ಮಂದಿ ಓದಿ ಕೊಡತೇವಿ ಅಂತ ಒಯ್ದ್ರು. ಇವು ಯಾರೂ ಕೇಳಲಾರದವು."

ಕುಪ್ಪೇಲೂರಿನ ರೊಟ್ಟಿ

ಅದಾದ ಸ್ವಲ್ಪ ದಿನಕ್ಕೆ ಕುಪ್ಪೇಲೂರಿನಲ್ಲಿ ನಮ್ಮ ಸಭೆಯ ಒಬ್ಬ ಲಾರಿ ಡ್ರೈವರ್ ತೀರಿಕೊಂಡ. ಚಿಕ್ಕ ವಯಸ್ಸು, ಎದೆನೋವು. ಮಣ್ಣಾದ ದಿನದಿಂದ ಅವನ ಹೆಂಡತಿ ಅಳಲೂ ಇಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಗೋಡೆಗೆ ಒರಗಿ ಕೂತಿರುತ್ತಾಳೆ ಎಂದು ಅವಳ ಅತ್ತೆ ಹೇಳಿಕಳಿಸಿದ್ದರು. "ಪಾಸ್ಟರ್ ಬಂದು ಏನರ ಹೇಳಲಿ."

ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡು ಕೂತ ಯೋಬನ ಭಾಗ ಓದುವುದೆಂದು ನಮ್ಮವರು ನಿಶ್ಚಯಿಸಿದರು. ಸಂಕಟ ಯಾಕೆ ಬರುತ್ತದೆ ಎಂಬುದಕ್ಕೆ ವ್ಯಾಖ್ಯಾನಗಳಲ್ಲಿದ್ದ ಕಾರಣಗಳನ್ನೆಲ್ಲ ತಯಾರು ಮಾಡಿಕೊಂಡರು. ಆದರೆ ಆ ಮನೆಯಲ್ಲಿ, ಆ ಹೆಣ್ಣುಮಗಳ ಎದುರು ಕೂತು ಮೂಲವನ್ನು ಓದತೊಡಗಿದಾಗ ಅವರ ದನಿ ನಿಧಾನವಾಯಿತು. ಯೋಬನ ಗೆಳೆಯರು ಬಂದು ಅವನ ದುಃಖ ನೋಡಿ ಏನೂ ಹೇಳಲಾರದೆ ಏಳು ದಿನ ಅವನ ಜೊತೆ ನೆಲದ ಮೇಲೆ ಕೂತರು ಎಂಬಲ್ಲಿಗೆ ಬಂದು ಓದು ನಿಲ್ಲಿಸಿಯೇಬಿಟ್ಟರು. ಆ ಗೆಳೆಯರು ಬಾಯಿ ತೆರೆದು ದುಃಖಕ್ಕೆ ಕಾರಣ ಹೇಳತೊಡಗಿದ ಮೇಲೆಯೇ ಎಲ್ಲ ಕೆಟ್ಟದ್ದು.

ಬೈಬಲ್ ಮುಚ್ಚಿದರು. ಕುರ್ಚಿ ಬಿಟ್ಟು ಕೆಳಗೆ ಇಳಿದು ಚಾಪೆಯ ಮೇಲೆ ಕೂತರು. ಒಂದು ಮಾತೂ ಇಲ್ಲ. ಮೊದಲು ನನಗೆ ಭಯವಾಯಿತು, ಮಾತು ಮರೆತರೇನೋ ಎಂದು. ಆಮೇಲೆ ಅವರ ಕೆನ್ನೆಯ ಮೇಲೆ ನೀರು ಕಂಡು ನಾನೂ ಚಾಪೆಗೆ ಇಳಿದೆ. ಹೊರಗೆ ಬಸ್ಸು ಬಂದು ಹೋಯಿತು. ಯಾರೂ ಅಲುಗಲಿಲ್ಲ.

ಕೊನೆಗೆ ಮಗನನ್ನು ಕಳೆದುಕೊಂಡ ಆ ಅತ್ತೆ, ಒಲೆಯ ಮುಂದಿನಿಂದ ಬಾಗಿ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು:

"ಪಾಸ್ಟರ್ರ, ನೀವೂ ಏಳು ದಿನಾ ಕುಂದ್ರಾವ್ರೇನ್ರಿ? ಹಂಗಿದ್ರ ಈಗ ಹೇಳಿಬಿಡ್ರಿ, ಜ್ವಾಳಾ ಬೀಸಿಸ್ಕೊಂಡು ಬರಬೇಕು. ಮನ್ಯಾಗ ಇರೂದು ಇವತ್ತಿನ ರೊಟ್ಟಿಗಷ್ಟ ಐತಿ."

ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಆ ಹೆಣ್ಣುಮಗಳು ನಗುತ್ತಿದ್ದಳು. ಮುಖಕ್ಕೆ ಸೆರಗು ಮುಚ್ಚಿಕೊಂಡು, ಮೈ ಕುಲುಕುವಂತೆ. ನಗುನಗುತ್ತಲೇ ಅಳು ಒಡೆಯಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಅವಳನ್ನು ತಬ್ಬಿಕೊಂಡರು. ಇಬ್ಬರೂ ಮನಸಾರೆ ಅತ್ತರು. ಆಮೇಲೆ ನಮ್ಮ ಜೊತೆ ಕೂತು ಅವಳು ರೊಟ್ಟಿ ಮುರಿದಳು.

ಹೊರಟಾಗ ನಮ್ಮವರು ಏನೂ ಹೇಳಲಾಗಲಿಲ್ಲವಲ್ಲ ಎಂದು ಕ್ಷಮೆ ಕೇಳಲು ಬಾಯಿ ತೆರೆದರು. ಅತ್ತೆ ಬಿಡಲಿಲ್ಲ.

"ಭಾಳ ಚಲೋ ಪ್ರಸಂಗ ಮಾಡಿದ್ರಿ ಪಾಸ್ಟರ್ರ," ಎಂದರು. "ಒಂದು ಮಾತೂ ತಪ್ಪಲಿಲ್ಲ."