ಲಾಭ ಬಿಡಿಸಲು ಹೋದ ಗಣಿತದ ಮಾಸ್ತರ

ತಲೆ ಬೆಳ್ಳಗಾಗುವವರೆಗೆ ಸಂಶಿ ಊರಿನ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದವನು ನಾನು. ನಾಲ್ಕು ವರ್ಷದ ಮೊಮ್ಮಗಳು ಸೃಷ್ಟಿಗೆ ಹತ್ತರವರೆಗೆ ಎಣಿಸಲು ಕಲಿಸುವುದು ಯಾವ ದೊಡ್ಡ ಕೆಲಸ? ಸೊಸೆ ಸವಿತಾ ಮಾತ್ರ ಮೊದಲೇ ಕರಾರು ಹಾಕಿದಳು.

"ಮಾವಾರ, ಸಾಲಿ ಶುರು ಆಗೂದ್ರಾಗ ಎಣಸಾಕ ಬಂದ್ರ ಮಧ್ಯಾಹ್ನ ನಿಮ್ಮ ಹತ್ರನ ಇರಲಿ. ಇಲ್ಲಂದ್ರ ಬಾಜು ಮನಿ ಶಬಾನಾ ಟೀಚರ್ ಕಡೆ ಟ್ಯೂಷನ್ನಿಗೆ ಹಾಕ್ತೀನ್ರಿ."

ಈ ಮನೆಯಲ್ಲಿ ನನ್ನ ಮಾತನ್ನು ಕಿವಿಗೊಟ್ಟು ಕೇಳುವ ಜೀವ ಅದೊಂದೇ. ಅದನ್ನೂ ಬಿಟ್ಟುಕೊಡುವುದೇ? ಹುಣಸೆಬೀಜ ತೊಳೆದು, ಒರೆಸಿ, ಚಾಪೆಯ ಮೇಲೆ ಸಾಲಾಗಿ ಇಟ್ಟೆ.

"ಎಣಸು ನೋಡೂಣು."

ಸೃಷ್ಟಿ ಒಂದೊಂದೇ ಬೀಜ ಮುಟ್ಟಿದಳು. "ಲಾಭ, ಎರಡು, ಮೂರು, ನಾಕು, ಐದು."

ಇದು ನನ್ನ ಹೆಂಡತಿ ಗಂಗವ್ವ ಕಲಿಸಿದ ವಿದ್ಯೆ. ನಮ್ಮ ಕಡೆ ಜೋಳದ ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಕೂಸು ಅಜ್ಜಿಯ ಮಗ್ಗುಲಲ್ಲಿ ಕೂತು ಅದನ್ನೇ ಕಲಿತಿತ್ತು. ನಾನು ಅಡುಗೆಮನೆಯತ್ತ ತಿರುಗಿ ಮೂಢನಂಬಿಕೆಯ ಕುರಿತು ಭಾಷಣ ಆರಂಭಿಸಿದೆ.

"ಒಂದು ಅಂದ್ರ ರಾಶಿ ಒಂದಕ್ಕ ನಿಂತುಬಿಡತೈತ್ರಿ, ಅದಕ್ಕ ಲಾಭ ಅನ್ನೂದು," ಎಂದಳು ಗಂಗವ್ವ. "ಕೂಸಿನ ಲೆಕ್ಕ ತಪ್ಪಿಲ್ಲಲಾ? ಸುಮ್ನಿರ್ರಿ."

ಸುಮ್ಮನಿದ್ದರೆ ನಾನೆಂಥ ಮಾಸ್ತರ! ಲಾಭ ಎಂಬ ಶಬ್ದವನ್ನು ಮೊಮ್ಮಗಳ ಬಾಯಿಂದ ಶಾಶ್ವತವಾಗಿ ನಿರ್ಮೂಲನೆ ಮಾಡತಕ್ಕದ್ದೆಂದು ನಿರ್ಣಯ ಕೈಗೊಂಡೆ. ಅವಳು "ಲಾ" ಎಂದರೆ ಸಾಕು, ಕಣ್ಣು ಕೆಂಪಗೆ ಮಾಡುತ್ತಿದ್ದೆ. ಕೊನೆಗೊಮ್ಮೆ ಅವಳು ಲಾಭ ಎನ್ನಲು ಬಾಯಿ ತೆರೆದು, ನನ್ನನ್ನು ನೋಡಿ ಮುಚ್ಚಿಕೊಂಡಳು. ಗೆದ್ದೆ! ಮುಂದೇನು ಎಣಿಸುತ್ತಾಳೆಂದು ಕೇಳುವ ವ್ಯವಧಾನವೂ ಇಲ್ಲದೆ ಸವಿತಾಳನ್ನು ಪರೀಕ್ಷೆಗೆ ಕರೆದೆ.

ಸವಿತಾ ಐದು ಬೀಜ ಇಟ್ಟಳು. ಸೃಷ್ಟಿ ಹೆದರುತ್ತ ನನ್ನ ಮುಖ ನೋಡಿ, ಮೊದಲ ಬೀಜದ ಮೇಲೆ ಬೆರಳಿಟ್ಟಳು.

"ಎರಡು, ಮೂರು, ನಾಕು, ಐದು, ಆರು."

ಸವಿತಾ ಒಂದೇ ಬೀಜ ಉಳಿಸಿದಳು. "ಇದೆಷ್ಟ?"

"ಎರಡು."

ಲಾಭವನ್ನು ಕಿತ್ತುಹಾಕಿದ್ದೆ. ಆ ಜಾಗದಲ್ಲಿ ಒಂದನ್ನು ಕೂರಿಸಲು ಗಣಿತದ ಮಾಸ್ತರ ಮರೆತಿದ್ದ.

"ಮಾವಾರ, ಮೊದಲ ಲಾಭ ಅನ್ನೂವಾಗ ಲೆಕ್ಕ ಸರಿ ಇತ್ತಲ್ರಿ."

ತಪ್ಪು ಗಂಗವ್ವನದು ಎಂದೆ. ಗಂಗವ್ವ ಸೆರಗು ಬಾಯಿಗಿಟ್ಟು ನಕ್ಕಳು, ಅಷ್ಟೇ.

ಈಗ ಮಧ್ಯಾಹ್ನ ಮೊಮ್ಮಗಳು ಬಾಜು ಮನೆಯಲ್ಲಿ. ಗೋಡೆಯಾಚೆಯಿಂದ ಅವಳು ನಗುವುದು ಕೇಳುತ್ತದೆ. ನನ್ನ ಹತ್ತಿರ ಎಣಿಸುವಾಗ ಒಮ್ಮೆಯೂ ನಕ್ಕಿರಲಿಲ್ಲ.

ನಿನ್ನೆ ಸಂಜೆ ಬಂದವಳೇ ನನ್ನ ಅಂಗೈ ಬಿಡಿಸಿ ಹುಣಸೆಬೀಜ ಇಟ್ಟಳು.

"ಅಜ್ಜಾ, ಇದೆಷ್ಟ ಹೇಳು?"

"ಒಂದು," ಎಂದೆ, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ.

"ಶಾಣ್ಯಾ ಅಜ್ಜಾ." ತಲೆ ಸವರಿ ಬೀಜ ವಾಪಸು ತೆಗೆದುಕೊಂಡಳು. "ನಾಳಿ ಎರಡು ಹೇಳಿಕೊಡ್ತೀನಿ. ಈಗ ಟೀಚರ್ ಮನಿಗೆ ಆಡಾಕ ಹೊಂಟೇನಿ."

ಇವತ್ತು ಊಟ ಮುಗಿದಾಗಿನಿಂದ ಚಾಪೆ ಹಾಸಿಕೊಂಡು ಕೂತಿದ್ದೇನೆ. ಎರಡನೇ ಪಾಠ ಇನ್ನೂ ಶುರುವಾಗಿಲ್ಲ.