ಇರುವೆ ಹತ್ತಿದ ಸಮುದ್ರ

ಈ ಲೋಕದಲ್ಲಿ ಯಾವುದೂ ಯಾವುದಕ್ಕೂ ಶಾಶ್ವತವಾಗಿ ಅಂಟಿಕೊಂಡಿರುವುದಿಲ್ಲ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ಅವರಲ್ಲಿ ಒಬ್ಬರೂ ನಮ್ಮ ಕಾಕಾನ ಜೊತೆ ಹುಕ್ಕೇರಿ ಬಸ್ಸಿನಲ್ಲಿ ಕೂತವರಲ್ಲ. ಕೂತಿದ್ದರೆ, ಒಬ್ಬ ಮನುಷ್ಯನ ಹೆಬ್ಬೆರಳೂ ತೋರುಬೆರಳೂ ಗೋಕಾಕದಿಂದ ಹೊರಟು, ಹುಕ್ಕೇರಿ ಮುಟ್ಟಿ, ಮೂರು ತಾಟು ಉಪ್ಪಿಟ್ಟು ಮುಗಿಸಿ ಮರಳಿ ಬಸ್ಸು ಹತ್ತಿದರೂ ಒಂದನ್ನೊಂದು ಬಿಡದೆ ಇದ್ದುದನ್ನು ಕಂಡು ತಮ್ಮ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತಿದ್ದರು.

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಗೋಕಾಕದಲ್ಲಿ ಸ್ವಂತ ಸಮುದ್ರ ಇಟ್ಟುಕೊಂಡಿರುವ ಏಕೈಕ ಗೃಹಸ್ಥ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ದಿನಾಲು ಅರಭಾವಿಗೆ ಹೋಗುವ ಬಸ್ಸಿನಲ್ಲಿಯೂ ಹೇಳುತ್ತೇನೆ, ಯಾರೂ ಕೇಳದಿದ್ದರೂ. ನಮ್ಮ ಊರಿನ ಫಾಲ್ಸ್ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಬರಲಿ. ಆದರೆ ಅದರಲ್ಲಿ ಯಾರ ಶ್ರಮವಿದೆ? ನೀರು ತಾನಾಗಿ ಬಿದ್ದದ್ದು. ಕಾಕಾನ ಸಮುದ್ರವನ್ನು ಕಲ್ಲಿಗೆ ಕಲ್ಲು ಹಚ್ಚಿ ಕಟ್ಟಲಾಗಿದೆ.

ಸಮುದ್ರಕ್ಕೆ ಇಳಿಯುವ ಮೊದಲು ಕಾಕಾ ನಲವತ್ತು ವರ್ಷ ಕರದಂಟು ಮಾಡಿದವರು. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು, ಇವೆಲ್ಲ ಸ್ವಭಾವತಃ ಒಂದರ ಜೊತೆ ಒಂದು ಹೊಂದುವಂಥವಲ್ಲ. ಅವನ್ನು ಒಂದೇ ತುಂಡಿನಲ್ಲಿ ಬಾಳಿಸುವುದು ಬೆಲ್ಲದ ಪಾಕ. ಪಾಕ ಬಂತೋ ಇಲ್ಲವೋ ಎಂಬುದನ್ನು ಕಾಕಾ ಒಂದು ಹನಿ ತೋರುಬೆರಳಿಗೆ ತಗೊಂಡು, ಹೆಬ್ಬೆರಳಿನಿಂದ ಒತ್ತಿ, ಎಳೆ ಬಿಡಿಸಿ ನೋಡಿ ತೀರ್ಪು ಕೊಡುತ್ತಿದ್ದರು. ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಆಮೇಲೆ ಪರಾತಕ್ಕೆ ಸುರಿದು, ಹಿತ್ತಾಳೆ ಬಟ್ಟಲಿನಿಂದ ಒತ್ತಿ ಹಿಡಿಯುವುದು ಕಾಕಾನ ಕೆಲಸ. ಬಾಜೂಕ್ಕೆ ನಿಂತು ನೂರು ಎಣಿಸುವುದು ಅವರ ಹೆಂಡತಿ, ಅಂದರೆ ನಮ್ಮ ಕಾಕುವಿನ ಕೆಲಸ. ಎಪ್ಪತ್ತಕ್ಕೇ ಕೈ ತೆಗೆದರೆ ಕರದಂಟು ಉದುರುತ್ತದೆ, ನೂರ ಐವತ್ತಾದರೆ ತಿನ್ನುವವರ ಹಲ್ಲು ಉದುರುತ್ತವೆ ಎನ್ನುವುದು ಕಾಕುವಿನ ಸಿದ್ಧಾಂತ.

ಎರಡು ವರ್ಷದ ಹಿಂದೆ ಕಾಕಾನ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದು ವಯಸ್ಸು, ಇದಕ್ಕೆ ಹೆದರಬೇಡಿ ಅಂದರು. ಕಾಕಾ ಹೆದರಲಿಲ್ಲ. ಆದರೆ ಕರದಂಟಿನ ತುಂಡುಗಳು ಸೊಟ್ಟಗಾಗತೊಡಗಿದವು. ಸೊಟ್ಟ ತುಂಡನ್ನು ಗಿರಾಕಿಯ ಕೈಗೆ ಕೊಡುವ ಜಾತಿ ಅವರದಲ್ಲ. ಒಂದು ಮುಂಜಾನೆ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ಮನೆಗೆ ಬಂದು ಕೂತರು. ಎಂಟು ದಿನ ಕೂತರು. ಒಂಬತ್ತನೆಯ ದಿನ ಮೊಬೈಲಿನಲ್ಲಿ ಯಾರದೋ ಮನೆಯ ಗಾಜಿನ ತೊಟ್ಟಿ ಕಂಡರು. ಒಳಗೆ ಉಪ್ಪುನೀರು, ಕಲ್ಲಿನ ಗುಡ್ಡ, ಗುಡ್ಡದ ಮೇಲೆ ಜೀವಂತ ಹವಳ. ಕಲ್ಲಿಗೆ ಕಲ್ಲನ್ನೂ, ಕಲ್ಲಿಗೆ ಹವಳವನ್ನೂ ಗಮ್ ಹಚ್ಚಿ ನಿಲ್ಲಿಸುತ್ತಾರಂತೆ.

“ಹಚ್ಚೂದು, ಒತ್ತಿ ಹಿಡಿಯೂದು,” ಅಂದರು ಕಾಕಾ. “ನಾ ಮತ್ತೇನ ಮಾಡೇನಿ ಇಷ್ಟ ವರ್ಷ?”

ತೊಟ್ಟಿ ಮಾಡಿಕೊಟ್ಟವರು ಮೂಡಲಗಿಯ ಗಾಜಿನ ಮಿಸ್ತ್ರಿ ಚಾಚಾ. ಕಾಕಾನ ಅಂಗಡಿಯ ಶೋಕೇಸು ಚಾಚಾನ ತಂದೆಯ ಕಾಲದಿಂದ ಆ ಮನೆಯವರದೇ ಕೈಗೆಲಸ. ಆ ಶೋಕೇಸಿನ ಅಳತೆಗೇ ಹೊಸ ದಪ್ಪ ಗಾಜಿನ ತೊಟ್ಟಿ ಬಂತು. ಅದನ್ನು ಇಡಲು ಕಾಕಾ ಆರಿಸಿದ ಜಾಗ ಪಡಸಾಲೆಯ ಕಿಟಕಿ. ಕಾಕು ಮಧ್ಯಾಹ್ನದ ಹೊತ್ತು ಕೂತು ಓಣಿಯ ಆಡಳಿತ ನೋಡಿಕೊಳ್ಳುತ್ತಿದ್ದ ಕಿಟಕಿಯೂ ಅದೇ.

“ನನ್ನ ಓಣಿ ಮುಚ್ಚಿ ನಿಮ್ಮ ಸಮುದ್ರ ತಗದ್ರೇನ್ರಿ?” ಅಂದರು ಕಾಕು.

“ಓಣ್ಯಾಗ ಏನೈತಿ? ಸಮುದ್ರದಾಗ ಹವಳ ಇರ್ತೈತಿ.”

“ಹವಳ ಕೊರಳಾಗ ಹಾಕ್ಕೊಳ್ಳಾಕ ಕೇಳಿದ್ನಿ. ಮೂವತ್ತ ವರ್ಷ ಆತು.”

ಕಾಕಾ ಈ ಪ್ರಶ್ನೆಯನ್ನು ಕಲಾಪದಿಂದ ತೆಗೆದುಹಾಕಿ, ಕಲ್ಲು ತರಲು ಧುಪದಾಳಕ್ಕೆ ಹೋದರು. ಮರಳಿ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಗೋಣಿಚೀಲ. ಕಂಡಕ್ಟರ್ ಅದನ್ನು ಎತ್ತಲು ಹೋಗಿ, ಎತ್ತಲಾಗದೆ, “ಕಾಕಾ, ಏನೈತ್ರಿ ಇದ್ರಾಗ?” ಅಂದ.

“ಸಮುದ್ರದ ತಳ,” ಅಂದರು ಕಾಕಾ.

ಲಗೇಜಿನ ಪಟ್ಟಿಯಲ್ಲಿ ಅಂಥದ್ದು ಇರಲಿಲ್ಲವಾದ್ದರಿಂದ ಕಂಡಕ್ಟರ್ ಮುಂದಿನ ಸೀಟಿಗೆ ಹೋದ.

ಇನ್ನು ಕಲ್ಲು ಜೋಡಿಸುವ ಪ್ರಶ್ನೆ. ಇಲ್ಲಿ ನಮ್ಮ ಕಾಕಾ ಮಾಡಿದ ಪ್ರಯೋಗವನ್ನು ಜಗತ್ತಿನ ಬೇರೆ ಯಾವ ಊರಿನ ಮನುಷ್ಯನೂ ಮಾಡಿರಲಾರ. ಕರದಂಟಿಗೆ ಬಳಸುವ ಅಂಟನ್ನು ಪುಡಿ ಮಾಡಿ, ಗಟ್ಟಿ ಬೆಲ್ಲದ ಪಾಕದಲ್ಲಿ ಕಲಸಿ, ಅದರಿಂದ ಧುಪದಾಳದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿದರು. ಸುಳ್ಳು ಯಾಕೆ ಹೇಳಲಿ, ನಿಂತವು! ಕಮಾನು, ಗವಿ, ಗೋಪುರ. ನಾನು ಕೈಯಿಂದ ಅಲುಗಾಡಿಸಿ ನೋಡಿದೆ, ಅಲುಗಲಿಲ್ಲ. ಓಣಿಯವರು ಬಂದು ನೋಡಿ ಹೋದರು. ಒಬ್ಬರು ನೆಕ್ಕಿಯೂ ನೋಡಿದರು.

ಆಮೇಲೆ ಕಾಕಾ ನೀರು ತುಂಬಿಸಿದರು.

ಮರುದಿನ ಸಮುದ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಗೋಪುರ ಗವಿಯೊಳಗೆ ಬಿದ್ದಿತ್ತು, ಗವಿ ಕಮಾನಿನ ಮೇಲೆ ಬಿದ್ದಿತ್ತು. ಮೂರನೆಯ ದಿನ ಅಡಿಗೆಮನೆಯ ಬಾಗಿಲಿನಿಂದ ಹೊರಟ ಇರುವೆಯ ಸಾಲೊಂದು ಪಡಸಾಲೆ ದಾಟಿ, ತೊಟ್ಟಿ ಇಟ್ಟ ಟೇಬಲ್ಲಿನ ಕಾಲು ಏರಿ, ಗಾಜಿನ ಅಂಚು ಮುಟ್ಟಿತು. ಸಮುದ್ರಕ್ಕೆ ತಿಮಿಂಗಿಲ ಬರುತ್ತದೆಂದು ಕೇಳಿದ್ದೇನೆ, ಬಿರುಗಾಳಿ ಬರುತ್ತದೆಂದು ಓದಿದ್ದೇನೆ. ಇರುವೆ ಹತ್ತಿದ ಸಮುದ್ರವನ್ನು ಕಂಡದ್ದು ನಮ್ಮ ಮನೆಯಲ್ಲಿ ಮಾತ್ರ.

“ಮೀನ ಬಿಟ್ಟಿದ್ದಿಲ್ಲ, ಪುಣ್ಯ,” ಅಂದರು ಕಾಕು. “ಬಿಟ್ಟಿದ್ರ ಅವಕ್ಕೂ ಶುಗರ್ ಬರ್ತಿತ್ತು.”

ತೊಟ್ಟಿ ಖಾಲಿಯಾಯಿತು. ಸುದ್ದಿ ಮೂಡಲಗಿ ಮುಟ್ಟಿತು. ಮಿಸ್ತ್ರಿ ಚಾಚಾ ಒಂದು ಮುಂಜಾನೆ ತಾವೇ ಬಂದು ಎರಡು ಟ್ಯೂಬು ಕೊಟ್ಟರು. ಒಂದು ನೀರಿನಂಥ ತೆಳು ಗಮ್, ಇನ್ನೊಂದು ಬೆಣ್ಣೆಯಂಥ ಗಟ್ಟಿ ಗಮ್.

“ತೆಳುವಂದು ಒಣ ಕಲ್ಲಿಗ್ರಿ. ಗಟ್ಟೀದು ನೀರಿನ್ಯಾಗೂ ಹಿಡಿತೈತಿ. ಖರೆ, ಕೈಗೆ ಮಾತ್ರ ತಾಗಿಸಬ್ಯಾಡ್ರಿ,” ಅಂದು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ನಲವತ್ತು ವರ್ಷದ ಚಾಳಿ. ಕಾಕಾ ತೆಳು ಗಮ್ಮಿನ ಒಂದು ಹನಿ ತೋರುಬೆರಳಿಗೆ ತಗೊಂಡು, ಹೆಬ್ಬೆರಳಿನಿಂದ ಒತ್ತಿ, ಪಾಕ ನೋಡಿದ್ದರು.

ಪಾಕ ಬಂದಿತ್ತು.

“ಎಳಿಬ್ಯಾಡ್ರಿ, ಚರ್ಮ ಬರ್ತೈತಿ,” ಅಂದರು ಚಾಚಾ. “ಬೆಚ್ಚನ್ನ ನೀರಾಗ ಸಬಕಾರ ಹಾಕಿ ಕೈ ಇಟ್ಟ ಕುಂದರ್ರಿ. ತಾಸ ಎರಡ ತಾಸಿಗೆ ತಾನ ಬಿಡ್ತೈತಿ.”

ಆದರೆ ಆ ತಾಸು ಎರಡು ತಾಸು ಎಲ್ಲಿಂದ ತರಬೇಕು? ನನ್ನ ತಮ್ಮನ ಮಗಳಿಗೆ ಗೊತ್ತು ಮಾಡಿದ ಹುಡುಗನ ಮನೆ ನೋಡಲು ಅವತ್ತೇ ಹುಕ್ಕೇರಿಗೆ ಹೋಗಬೇಕಿತ್ತು, ಹಿರಿಯರೆಂದು ಕಾಕಾನೇ ಮುಂದೆ ಕೂರಬೇಕಿತ್ತು. ಹೋದೆವು. ಬೀಗರ ಮನೆಯಲ್ಲಿ ಉಪ್ಪಿಟ್ಟು ಬಂತು. ಕಾಕಾ ಎಡಗೈಯಲ್ಲಿ ಚಮಚ ಹಿಡಿದು ಒಂದು ತುತ್ತು ತಿಂದರು. ಬಲಗೈಯ ಎರಡು ಬೆರಳು ಕೂಡಿ, ಉಳಿದ ಮೂರು ನೆಟ್ಟಗೆ ಮೇಲೆದ್ದು ನಿಂತಿದ್ದವು. ಹುಡುಗನ ತಾಯಿ ಬಾಗಿಲಲ್ಲಿ ನಿಂತು ಅದನ್ನು ಕಂಡರು.

“ಹಿರ್ಯಾರಿಗೆ ಉಪ್ಪಿಟ್ಟ ಭಾಳ ಪಸಂದ ಬಂದೈತಿ, ಇನ್ನೊಂದ ತಾಟ ಕೊಡ್ರಿ.”

ಎರಡನೆಯ ತಾಟು ಬಂತು. ಕಾಕಾ ಬೇಡವೆಂದು ಅದೇ ಕೈ ಎತ್ತಿದರು. ಮೂರನೆಯದೂ ಬಂತು. ಮನೆ ತೋರಿಸುವಾಗ ಅಟ್ಟ, ಕೊಟ್ಟಿಗೆ, ಬೋರವೆಲ್, ಯಾವುದರ ಮುಂದೆ ನಿಂತರೂ ಆ ಕೈ ಅಮೋಘವೆಂದೇ ಸಾರುತ್ತಿತ್ತು. ಇಷ್ಟು ಒಳ್ಳೆಯ ಮನಸ್ಸಿನ ಬೀಗರು ಸಿಕ್ಕುವುದು ಕಷ್ಟವೆಂದು ಅವರು ಅಲ್ಲೇ ಹೂಂ ಅಂದರು. ಹುಡುಗಿ ಈಗ ಹುಕ್ಕೇರಿಯಲ್ಲಿ ಸುಖವಾಗಿದ್ದಾಳೆ.

ಮರಳಿ ಬರುವ ಬಸ್ಸಿನಲ್ಲಿ ಕಾಕಾ ಬಹಳ ಹೊತ್ತು ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನಗಷ್ಟೇ ಕೇಳುವಂತೆ ಅಂದರು: “ನೋಡೋ, ಒಂದನ್ನೊಂದು ಹಿಡಕೊಂಡಾವ. ಇವತ್ತ ನಡಗಿಲ್ಲ.”

ನಾನು ಕಿಟಕಿಯ ಹೊರಗೆ ಕಬ್ಬು ನೋಡಿದೆ.

ಬೆರಳು ಬಿಟ್ಟ ಮೇಲೆ ಕೆಲಸ ಮುಂದುವರಿಯಿತು. ತೆಳು ಗಮ್ಮಿನಿಂದ ಕಲ್ಲುಗಳು ನಿಂತವು. ದೊಡ್ಡ ಕಲ್ಲು ಹಚ್ಚಲು ಕೈ ನಡುಗಿದರೂ ನಡೆಯುತ್ತದೆ. ಒಂದು ಬೆರಳಗಲ ಆಚೆ ಹತ್ತಿದರೆ ಅದಕ್ಕೆ ಗುಡ್ಡದ ಸಹಜ ಸೌಂದರ್ಯ ಅನ್ನಬಹುದು. ಉಪ್ಪುನೀರು ತುಂಬಿತು. ಎರಡು ಕಿತ್ತಳೆ ಬಣ್ಣದ ಮೀನು ಬಂದವು. ಕೆಲವು ತಿಂಗಳ ನಂತರ ಪುಣೆಯಿಂದ ಹವಳ ಬಂತು. ನಮ್ಮ ದೇಶದ ಸಮುದ್ರದಿಂದ ಹವಳ ಕೀಳುವುದು ಗುನ್ಹೆ ಎಂದು ಕಾಕಾ ಬಂದವರಿಗೆಲ್ಲ ಉಪನ್ಯಾಸ ಕೊಡುತ್ತಾರೆ. ಇದು ಪರದೇಶದಲ್ಲಿ ಯಾರದೋ ತೊಟ್ಟಿಯಲ್ಲೇ ಬೆಳೆಸಿ ಪುಣೆಗೆ ತರಿಸಿದ್ದು. ಅದರ ಕಾಗದಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾರೆ. ನಮ್ಮ ಮನೆತನದಲ್ಲಿ ವಿಮಾನ ಹತ್ತಿದ ಮೊದಲ ಜೀವಿ ಅದು.

ಗಾತ್ರ ಹೆಬ್ಬೆರಳಿನ ಉಗುರಿನಷ್ಟು. ಬಣ್ಣ ಹಸಿರು. ಅದನ್ನು ನೀರೊಳಗೆ, ಗುಡ್ಡದ ನೆತ್ತಿಯ ಮೇಲೆ, ಗಟ್ಟಿ ಗಮ್ಮಿನಿಂದ ಹಚ್ಚಿ, ಅಲುಗದಂತೆ ಒತ್ತಿ ಹಿಡಿಯಬೇಕು. ಅಲುಗದಂತೆ! ಮೊದಲ ದಿನ ಕಾಕಾ ಹಚ್ಚಿದರು. ಹವಳ ಸಂಜೆಗೆ ಉಸುಕಿನಲ್ಲಿ ಬೋರಲಾಗಿ ಬಿದ್ದಿತ್ತು. ಎರಡನೆಯ ದಿನ ಅದು ಕಾಕಾ ಹಿಡಿದ ಚಿಮಟಕ್ಕೇ ಹತ್ತಿತು. ಮೂರನೆಯ ದಿನ ಹತ್ತಿದ್ದು ಮೀನಿನ ಜೊತೆ ಬಂದಿದ್ದ ಒಂದು ಶಂಖದ ಹುಳುವಿನ ಬೆನ್ನಿಗೆ. ಆ ಹುಳು ಹಸಿರು ತುರಾಯಿ ಇಟ್ಟುಕೊಂಡ ಮದುಮಗನಂತೆ ತೊಟ್ಟಿಯ ತುಂಬ ಮೆರವಣಿಗೆ ಹೊರಟಿತು. ಅದನ್ನು ಬಿಡಿಸುವಾಗ ಕಾಕು ಕೂಡ ಸೆರಗು ಬಾಯಿಗೆ ಹಿಡಿದು ನಕ್ಕರು. ಕಾಕಾ ನಗಲಿಲ್ಲ. ಹವಳದ ಒಂದು ಅಂಚು ಬೆಳ್ಳಗಾಗಿತ್ತು.

ಮಿಸ್ತ್ರಿ ಚಾಚಾ ಫೋಟೋ ನೋಡಿ ಫೋನು ಮಾಡಿದರು. “ಇನ್ನ ಎರಡ ದಿನ ಹಿಂಗ ಬಿದ್ದ ಬಿದ್ದ ಎದ್ರ ಸಾಯ್ತೈತ್ರಿ. ನಾ ಬಂದ ಹಚ್ಚಿಕೊಡ್ತೇನಿ.”

“ಬ್ಯಾಡ,” ಅಂದರು ಕಾಕಾ. “ಶೋಕೇಸ ನೀವು ಮಾಡೀರಿ. ಒಳಗಿಂದು ಯಾವತ್ತೂ ನಾನ ಮಾಡೇನಿ.” ಫೋನು ಇಟ್ಟು ನನ್ನ ಕಡೆ ತಿರುಗಿದರು. “ನಾಳೆ ಒಮ್ಮಿ ನೋಡ್ತೇನಿ. ಹಿಡೀಲಿಲ್ಲಂದ್ರ ಇದನ್ನ ಖಾಲಿ ಮಾಡಿಬಿಡು. ಕೈ ಮುಗೀತು ಅಂತ ತಿಳಕೊಂಡ ಸುಮ್ಮನಾಗ್ತೇನಿ.”

ಮರುದಿನ ಭಾನುವಾರ. ತಿಂಡಿಯಾದ ಮೇಲೆ ಕಾಕಾ ನೀರು ಅಲುಗದಂತೆ ಪಂಪು ಬಂದ್ ಮಾಡಿಸಿದರು. ಹವಳದ ಬುಡ ಒರೆಸಿ, ಬಟಾಣಿ ಕಾಳಿನಷ್ಟು ಗಮ್ ಹಚ್ಚಿ, ಅಂಗಿಯ ತೋಳು ಮಡಚಿ ಕೈ ನೀರಿಗೆ ಇಳಿಸಿದರು. ಹವಳವನ್ನು ಕಲ್ಲಿಗೆ ಒತ್ತಿದರು. ನೀರೊಳಗೆ ಆ ಕೈ ನಡುಗುವುದು ಗಾಜಿನಿಂದ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಮೀನುಗಳೆರಡೂ ಮೂಲೆ ಸೇರಿದವು.

ಕಾಕು ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಒಂದು ಕ್ಷಣ ನಿಂತು ನೋಡಿದರು. ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿ, ತಮ್ಮ ಕೈಯನ್ನೂ ನೀರಿಗೆ ಹಾಕಿ, ಕಾಕಾನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

“ಒಂದ,” ಅಂದರು. “ಎರಡ. ಮೂರ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮೂವತ್ತರ ಹೊತ್ತಿಗೆ ನೀರು ಅಲುಗುವುದು ನಿಂತಿತು. ಎಪ್ಪತ್ತಕ್ಕೆ ಕಾಕಾ, “ಸಾಕ ಬಿಡು, ಹಿಡದೈತಿ,” ಅಂದರು.

“ಸುಮ್ನ ನಿಂದರ್ರಿ. ಎಪ್ಪತ್ತೊಂದ.”

ನೂರಾಯಿತು. ಕಾಕು ಮೊದಲು ಬಿಟ್ಟರು, ಆಮೇಲೆ ಕಾಕಾ. ಇಬ್ಬರ ಕೈಯಿಂದಲೂ ಉಪ್ಪುನೀರು ಪಡಸಾಲೆಯ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಾಕು ಅದನ್ನು ಒರೆಸುವಂತೆ ನನಗೆ ಹೇಳಿ ಒಳಗೆ ಹೋದರು.

ಹವಳ ಆಮೇಲೆ ಬಿದ್ದಿಲ್ಲ. ಈಗ ಅದಕ್ಕೆ ಏಳು ಟಿಸಿಲುಗಳಿವೆ.